ಮಿಯಾಕೊ ಒದೊರಿ: ಕಲೆ ಮತ್ತು ಸ್ಮರಣಿಕೆಯ ನಡುವೆ

ಪ್ರಾದೇಶಿಕ ಕಲೆಯೊಂದು ಪ್ರವಾಸಿಯ ಕೈಯಲ್ಲಿ ಸ್ಮರಣಿಕೆಯಾದಾಗ ಅದರ ಸತ್ವ ನಾಶವಾಗುತ್ತದೆ ಎಂಬುದು ವಿಮರ್ಶೆಯಲ್ಲಿ ರೂಢಮೂಲವಾದ ನಿಲುವು. ಜಪಾನಿನ ಕ್ಯೋಟೊ ನಗರದ ಗೇಕೊ ಮತ್ತು ಮೈಕೊಗಳ ಪರಂಪರೆ ಈ ನಿಲುವನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಗೇಕೊ ಎಂಬುದು ಗೇಶಾ ಕಲಾವಿದೆಗೆ ಅಲ್ಲಿರುವ ಪ್ರಾದೇಶಿಕ ಹೆಸರು. ಮೈಕೊ ಎಂದರೆ ತರಬೇತಿಯ ಹಂತದಲ್ಲಿರುವ ಕಿರಿಯಳು.

1869ರಲ್ಲಿ ಚಕ್ರವರ್ತಿಯು ಟೋಕಿಯೊಗೆ ತೆರಳಿದ ಬಳಿಕ ಕ್ಯೋಟೊ ತನ್ನ ಸ್ಥಾನಮಾನವನ್ನೂ ಆರ್ಥಿಕ ಚೈತನ್ಯವನ್ನೂ ಕಳೆದುಕೊಳ್ಳತೊಡಗಿತು. ನಗರದ ಪುನಶ್ಚೇತನಕ್ಕೆಂದು 1872ರಲ್ಲಿ ನಡೆದ ವಸ್ತುಪ್ರದರ್ಶನದ ಅಂಗವಾಗಿಯೇ ಗಿಯೊನ್ ಬಡಾವಣೆಯ 'ಮಿಯಾಕೊ ಒದೊರಿ' ಎಂಬ ಸಾರ್ವಜನಿಕ ನೃತ್ಯ ಜನ್ಮತಾಳಿತು. ಅದನ್ನು ಸಂಯೋಜಿಸಿದವರು ಮೂರನೆಯ ಇನೊಉಎ ಯಾಚಿಯೊ. ಅಲ್ಲಿಯವರೆಗೆ ಔತಣದ ಕೋಣೆಯಲ್ಲಿ ಕೆಲವೇ ಅತಿಥಿಗಳ ಎದುರು ನಡೆಯುತ್ತಿದ್ದ ಸಂಯಮದ ನರ್ತನ, ಇಸೆ ಕ್ಷೇತ್ರದಲ್ಲಿ ಯಾತ್ರಿಕರ ರಂಜನೆಗಾಗಿ ಬೆಳೆದಿದ್ದ ಸಾಮೂಹಿಕ ನೃತ್ಯದ ಮಾದರಿಯನ್ನು ಅನುಸರಿಸಿ ರಂಗದ ಮೇಲೆ ಸಾಲುಗಟ್ಟಿತು. ಎಂದರೆ, ಇಂದು 'ಶುದ್ಧ ಪರಂಪರೆ'ಯೆಂದು ಗೌರವಿಸಲ್ಪಡುವ ಈ ರೂಪ ಹುಟ್ಟಿನಿಂದಲೇ ಪರಸ್ಥಳದ ಪ್ರೇಕ್ಷಕನನ್ನು ಉದ್ದೇಶಿಸಿತ್ತು.

ಹಾಗಾದರೆ ನಷ್ಟವೇ ಇಲ್ಲವೇ? ಉಡುಪನ್ನು ಗಮನಿಸಿದಾಗ ನಷ್ಟದ ಸ್ವರೂಪ ಸ್ಪಷ್ಟವಾಗುತ್ತದೆ. ಮೈಕೊಳ ವೇಷ ಒಂದು ಲಿಪಿಯಿದ್ದಂತೆ. ಮುಡಿಯ ಹೂವಿನ ಆಭರಣ ತಿಂಗಳನ್ನು ಸೂಚಿಸುತ್ತದೆ. ಕೆಳತುಟಿಗೆ ಮಾತ್ರ ಹಚ್ಚಿದ ಕೆಂಪು ಆಕೆ ಹೊಸಬಳೆಂದು ಹೇಳುತ್ತದೆ. ಬೆನ್ನಿನ ಮೇಲೆ ಇಳಿಬಿದ್ದ ಉದ್ದನೆಯ ನಡುಪಟ್ಟಿಯ ತುದಿಯಲ್ಲಿ ಆಕೆಯನ್ನು ಸಲಹುವ ಮನೆಯ ಲಾಂಛನವಿರುತ್ತದೆ. ಕೊರಳಪಟ್ಟಿ ಕೆಂಪಿನಿಂದ ಬಿಳಿಗೆ ತಿರುಗಿದಾಗ ಆಕೆ ಗೇಕೊ ಆಗುತ್ತಾಳೆ. ಅಂಗಡಿಯ ಬೊಂಬೆ, ಸಿಹಿತಿಂಡಿಯ ಪೆಟ್ಟಿಗೆ, ಪ್ರವಾಸಿಗೆ ಬಾಡಿಗೆಗೆ ದೊರೆಯುವ ವೇಷ - ಇವು ಈ ಲಿಪಿಯ ಅಕ್ಷರಗಳನ್ನು ಉಳಿಸಿಕೊಂಡು ಓದನ್ನು ಕೈಬಿಡುತ್ತವೆ. ಕಾಲ, ವಯಸ್ಸು, ಶಿಕ್ಷಣ, ಮನೆತನಗಳೆಲ್ಲ ಒಂದೇ ಸ್ಥಿರಚಿತ್ರದಲ್ಲಿ ಕರಗುತ್ತವೆ.

ಈ ಸ್ಥಿರಚಿತ್ರ ಮತ್ತೆ ಜೀವಂತ ವ್ಯಕ್ತಿಯ ಮೇಲೆ ಆರೋಪಿತವಾದಾಗ ಸಮಸ್ಯೆ ನೈತಿಕವಾಗುತ್ತದೆ. ಕೆಲಸಕ್ಕೆ ನಡೆದುಹೋಗುವ ಮೈಕೊಳನ್ನು ಅಡ್ಡಗಟ್ಟಿ ಛಾಯಾಚಿತ್ರ ತೆಗೆಯುವವರ ಉಪಟಳದಿಂದಾಗಿ ಗಿಯೊನ್‌ನ ಖಾಸಗಿ ಓಣಿಗಳಲ್ಲಿ 2019ರಲ್ಲಿ ಛಾಯಾಗ್ರಹಣ ನಿಷೇಧದ ಫಲಕಗಳನ್ನು ನೆಡಬೇಕಾಯಿತು; 2024ರಲ್ಲಿ ಅಂತಹ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿರ್ಬಂಧಿಸಲಾಯಿತು. ಬೊಂಬೆಯನ್ನು ಕೊಂಡವನು ಕಲಾವಿದೆಯನ್ನೂ ಬೊಂಬೆಯೆಂದು ಭಾವಿಸಿದ್ದರ ಪರಿಣಾಮವಿದು.

ಆದ್ದರಿಂದ ವಿಮರ್ಶೆ ಕೇಳಬೇಕಾದ ಪ್ರಶ್ನೆ, ಕಲೆ ಸ್ಮರಣಿಕೆಯಾಯಿತೇ ಎಂಬುದಲ್ಲ. ಆ ಸ್ಮರಣಿಕೆ ಯಾವುದನ್ನು ನೆನಪಿಸುತ್ತದೆ ಎಂಬುದು. ಮಿಯಾಕೊ ಒದೊರಿಗೆ ಮುನ್ನ ಚಹಾ ಸ್ವೀಕರಿಸಿದ ಪ್ರೇಕ್ಷಕ ಸಿಹಿತಿಂಡಿಯ ಪುಟ್ಟ ತಟ್ಟೆಯನ್ನು ಮನೆಗೆ ಒಯ್ಯುವ ವಾಡಿಕೆಯಿದೆ. ಅದೂ ಸ್ಮರಣಿಕೆಯೇ. ಆದರೆ ಅದು ಕಲಾವಿದೆಯ ರೂಪವನ್ನು ವಸ್ತುವಾಗಿಸಿ ಕೊಡುವುದಿಲ್ಲ. ಪ್ರೇಕ್ಷಕನು ಅತಿಥಿಯಾಗಿ ಕುಳಿತಿದ್ದ ಒಂದು ಘಳಿಗೆಯನ್ನು ನೆನಪಿಸುತ್ತದೆ. ಅತಿಥಿ ಮತ್ತು ಗ್ರಾಹಕರ ನಡುವಣ ಈ ಅಂತರವನ್ನು ಉಳಿಸಿಕೊಳ್ಳುವುದರಲ್ಲಿಯೇ ಈ ಪರಂಪರೆಯ ಭವಿಷ್ಯ ಅಡಗಿದೆ.