ಬೆಳೆಯುವ ಪದರ, ಬೆಳೆಸುವ ಪದರ

ಈಸ್ಟ್ರೋಜನ್ ಗರ್ಭಕೋಶವನ್ನು ಬೆಳೆಸುವ ಬಗೆಯನ್ನು ಸಾಮಾನ್ಯವಾಗಿ ಒಂದೇ ಜೀವಕೋಶದ ಚಿತ್ರ ಬರೆದು ವಿವರಿಸುತ್ತಾರೆ. ಹಾರ್ಮೋನು ಒಳಗೆ ಹೋಗುತ್ತದೆ, ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆ ಗ್ರಾಹಕ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಅದೇ ಜೀವಕೋಶ ಒಡೆದು ಎರಡಾಗುತ್ತದೆ. ಮೊದಲ ಮೂರು ಹೆಜ್ಜೆಗಳು ಸರಿ. ಗರ್ಭಕೋಶದ ಒಳಹೊದಿಕೆಯ ಮಟ್ಟಿಗೆ ಕೊನೆಯದು ತಪ್ಪು. ಅದನ್ನು ತೋರಿಸಿದ 1997ರ ಪ್ರಯೋಗಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ ಎನ್ನುವುದು ನನ್ನ ವಾದ.

ಈ ಚಿತ್ರದ ಮೂಲ ಷಿಕಾಗೋದ ಎಲ್‌ವುಡ್ ಜೆನ್ಸನ್ ಅವರ ಕೆಲಸ. ಈಸ್ಟ್ರೋಜನ್ ಕಿಣ್ವಗಳ ಕ್ರಿಯೆಯಲ್ಲಿ ತಾನೇ ರೂಪಾಂತರಗೊಂಡು ಕೆಲಸ ಮಾಡುತ್ತದೆ ಎಂದು 1950ರ ದಶಕದಲ್ಲಿ ಬಹುತೇಕರು ನಂಬಿದ್ದರು. ಹಾರ್ಮೋನು ಅಂಗಾಂಶಕ್ಕೆ ಏನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಅಂಗಾಂಶ ಹಾರ್ಮೋನಿಗೆ ಏನು ಮಾಡುತ್ತದೆ ಎಂದು ಜೆನ್ಸನ್ ಕೇಳಿದರು. ಟ್ರಿಷಿಯಂ ಎಂಬ ವಿಕಿರಣಶೀಲ ಗುರುತು ಸೇರಿಸಿದ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನನ್ನು ಪ್ರಾಯಕ್ಕೆ ಬಾರದ ಹೆಣ್ಣಿಲಿಗಳಿಗೆ ಕೊಟ್ಟು ನೋಡಿದಾಗ, ಗರ್ಭಕೋಶ ಅದನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿತ್ತು, ಅದೂ ರಾಸಾಯನಿಕವಾಗಿ ಒಂದಿಷ್ಟೂ ಬದಲಾಗದೆ. ಗ್ರಾಹಕದ ಕಲ್ಪನೆ ಹುಟ್ಟಿದ್ದು ಅಲ್ಲಿಂದ. ಆ ಗ್ರಾಹಕ ಮೊದಲು ಕೋಶರಸದಲ್ಲಿದ್ದು ಆಮೇಲೆ ಕೋಶಕೇಂದ್ರಕ್ಕೆ ಸಾಗುತ್ತದೆ ಎಂಬ 1968ರ ವಿವರಣೆ ಮಾತ್ರ ನಿಲ್ಲಲಿಲ್ಲ. ಜೀವಕೋಶವನ್ನು ಒಡೆದು ಅರೆಯುವಾಗ ಗ್ರಾಹಕ ಕೇಂದ್ರದಿಂದ ಸೋರಿಹೋಗುತ್ತಿತ್ತು. ಅದು ಮೊದಲಿನಿಂದಲೂ ಕೇಂದ್ರದಲ್ಲೇ ಇರುತ್ತದೆಂದು 1984ರಲ್ಲಿ ತಿಳಿಯಿತು.

ಆದರೆ ಗರ್ಭಕೋಶವೆಂದರೆ ಒಂದೇ ಬಗೆಯ ಜೀವಕೋಶಗಳ ಗುಂಪಲ್ಲ. ಒಳಹೊದಿಕೆಯ ಕೆಳಗೆ ಸ್ಟ್ರೋಮಾ ಎಂಬ ಆಸರೆಯ ಪದರವಿದೆ. ಎರಡರಲ್ಲೂ ಗ್ರಾಹಕವಿದೆ. ಹಾಗಾದರೆ ಹೊದಿಕೆ ಬೆಳೆಯಲು ಯಾರ ಗ್ರಾಹಕ ಬೇಕು? 1997ರ ಆ ಪ್ರಯೋಗದಲ್ಲಿ ಪಾಲ್ ಕುಕ್, ಜೆರಾಲ್ಡ್ ಕುನ್ಹಾ ಮತ್ತು ಸಂಗಡಿಗರು ಆಗತಾನೇ ಹುಟ್ಟಿದ ಇಲಿಗಳ ಗರ್ಭಕೋಶದಿಂದ ಎರಡೂ ಪದರಗಳನ್ನು ಬಿಡಿಸಿದರು; ಗ್ರಾಹಕವಿರುವ ಇಲಿಯದನ್ನು ಇಲ್ಲದ ಇಲಿಯದರೊಂದಿಗೆ ಅದಲುಬದಲು ಮಾಡಿ ಜೋಡಿಸಿ ಬೇರೆ ಇಲಿಗಳಲ್ಲಿ ಕಸಿ ಮಾಡಿದರು. ಸ್ಟ್ರೋಮಾದಲ್ಲಿ ಗ್ರಾಹಕವಿದ್ದರೆ ಸಾಕು, ತನ್ನಲ್ಲಿ ಗ್ರಾಹಕವೇ ಇಲ್ಲದ ಹೊದಿಕೆಯೂ ಈಸ್ಟ್ರೋಜನ್‌ಗೆ ಬೆಳೆಯಿತು. ಸ್ಟ್ರೋಮಾದಲ್ಲಿ ಅದಿಲ್ಲದಿದ್ದರೆ, ಹೊದಿಕೆಯಲ್ಲಿ ಎಷ್ಟಿದ್ದರೂ ಬೆಳೆಯಲಿಲ್ಲ. ಇಷ್ಟು ಖಚಿತವಾಗಿ ಹೌದು–ಅಲ್ಲ ಎನ್ನುವ ಪ್ರಯೋಗಗಳು ಜೀವಶಾಸ್ತ್ರದಲ್ಲಿ ಅಪರೂಪ.

ಕಸಿ ಮಾಡಿದ ಅಂಗಾಂಶ ಸಹಜ ಗರ್ಭಕೋಶವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೊದಿಕೆಯ ಗ್ರಾಹಕವನ್ನಷ್ಟೇ ತೆಗೆದ ಇಲಿಗಳ ಮೇಲೆ 2010ರಲ್ಲಿ ಬಂದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು: ಜೀವಕೋಶ ಒಡೆಯಲು ಆ ಗ್ರಾಹಕ ಬೇಕಿಲ್ಲ, ಆದರೆ ಅವು ಸಾಯದೆ ಉಳಿಯಲು, ಭ್ರೂಣ ನೆಲೆಯೂರಲು ಬೇಕು. ಅಂದರೆ ಹೊದಿಕೆಯ ಗ್ರಾಹಕ ಸುಮ್ಮನೆ ಕೂತಿಲ್ಲ, ಅದರ ಕೆಲಸ ಬೇರೆ.

ಸ್ಟ್ರೋಮಾ ಹೊದಿಕೆಗೆ ಕಳಿಸುವುದು ಐಜಿಎಫ್-1, ಎಫ್‌ಜಿಎಫ್‌ಗಳಂಥ ಬೆಳವಣಿಗೆಯ ಪ್ರೋಟೀನುಗಳನ್ನು. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಈ ಬೆಳವಣಿಗೆಗೆ ತಡೆ ಹಾಕುವುದೂ ಅಲ್ಲೇ: ಅದು ಸ್ಟ್ರೋಮಾದಲ್ಲಿ ಹ್ಯಾಂಡ್2 ಎಂಬ ಪ್ರೋಟೀನನ್ನು ಹೆಚ್ಚಿಸಿ ಎಫ್‌ಜಿಎಫ್‌ಗಳನ್ನು ತಗ್ಗಿಸುತ್ತದೆಂದು ಇಂದ್ರಾಣಿ ಬಾಗ್ಚಿ, ಮಿಲನ್ ಬಾಗ್ಚಿ ಅವರ ಇಲಿನಾಯ್ ತಂಡ 2011ರಲ್ಲಿ ಇಲಿಗಳಲ್ಲಿ ತೋರಿಸಿತು. ಮುಟ್ಟು ನಿಂತ ಮಹಿಳೆಯರಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲೇ ಗೊತ್ತಾಗಿತ್ತು. ಗರ್ಭಕೋಶ ಇರುವವರಿಗೆ ಅಂದಿನಿಂದ ಪ್ರೊಜೆಸ್ಟರಾನ್ ಬಗೆಯ ಔಷಧ ಸೇರಿಸಿ ಕೊಡುವುದು ರೂಢಿಯಾಯಿತು. ಅದು ಏಕೆ ಕಾಪಾಡುತ್ತದೆ ಎಂಬುದು ಒಂದೇ ಜೀವಕೋಶದ ಚಿತ್ರದಿಂದ ಅರ್ಥವಾಗುವುದಿಲ್ಲ. ಈ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬೋರ್ಡಿನ ಮೇಲೆ ಎರಡು ಜೀವಕೋಶ ಬರೆಯಿರಿ, ಬಾಣವನ್ನು ಕೆಳಗಿನದರಿಂದ ಮೇಲಿನದಕ್ಕೆ ಎಳೆಯಿರಿ.