ಪೀಪಾಯಿಯ ಘಮ, ದ್ರಾಕ್ಷಿಯ ಘಮ

ಕನ್ವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸೀಮೆಯಲ್ಲಿ ಬೆಳೆಸಿದ ವೈನ್ ಸಂಸ್ಥೆಯು ಇಂದು ಗ್ರೋವರ್ ಜಂಪಾ ಎಂದು ಹೆಸರಾಗಿದ್ದು, ಅದು ತಯಾರಿಸುವ ವಿಯೋನಿಯೆ ದ್ರಾಕ್ಷಿಯ ಬಿಳಿ ವೈನುಗಳಲ್ಲಿ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅವರ ಹೆಸರಿನ ವೈನಿಗೆ ಫ್ರೆಂಚ್ ಓಕ್ ಪೀಪಾಯಿಯ ಸಂಸ್ಕಾರ ದೊರೆತಿದೆ. ಏಪ್ರಿಕಾಟ್, ಪೀಚ್ ಹಣ್ಣುಗಳ ಹಾಗೂ ಹೂವಿನ ಪರಿಮಳಕ್ಕೆ ಹೆಸರಾದ, ಆದರೆ ಹುಳಿ ಕಡಿಮೆಯಿರುವ ಈ ತಳಿಗೆ ಮರದ ನೆರವು ಎಷ್ಟು ಬೇಕು ಎಂಬುದು ಕರ್ನಾಟಕದ ವೈನ್ ತಯಾರಿಕೆಯ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯಾಗಿದೆ.

ಪೀಪಾಯಿಯ ಹಲಗೆಗಳನ್ನು ಬಾಗಿಸುವಾಗಲೂ ಆಮೇಲೆ ಒಳಮೈಯನ್ನು ಬೇಕಾದ ಹದಕ್ಕೆ ಸುಡುವಾಗಲೂ ಬೆಂಕಿಗೆ ಒಡ್ಡುವುದರಿಂದ, ಮರದ ನಾರು ಒಡೆದು ಹಲವು ಸುವಾಸನೆಯ ಅಂಶಗಳು ಹುಟ್ಟುತ್ತವೆ: ವೆನಿಲ್ಲಾದ ಘಮಕ್ಕೆ ವೆನಿಲಿನ್, ಹೊಗೆಯ ವಾಸನೆಗೆ ಗ್ವಾಯಕಾಲ್, ಸುಟ್ಟ ಸಕ್ಕರೆ ಮತ್ತು ಬಾದಾಮಿಯನ್ನು ನೆನಪಿಸುವ ಫರ್ಫ್ಯೂರಲ್. ಲವಂಗದ ಯೂಜಿನಾಲ್ ಮರದಲ್ಲಿ ಮೊದಲೇ ಇರುತ್ತದೆ. ಇವೆಲ್ಲಕ್ಕಿಂತ ಬೇರೆಯದು ಓಕ್ ಲ್ಯಾಕ್ಟೋನ್. ಚನ್ನರಾಯಪಟ್ಟಣ, ಅರಸೀಕೆರೆಯ ತೋಟದ ಮನೆಗಳವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಅದು ಕೊಬ್ಬರಿ ಬಟ್ಟಲು ಒಡೆದಾಗ ಮೂಗಿಗೆ ಬಡಿಯುವ ಘಮಕ್ಕೆ ತೀರ ಹತ್ತಿರದ್ದು. ಅಮೆರಿಕದ ಓಕ್‌ನಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು, ಫ್ರೆಂಚ್ ಓಕ್‌ನಲ್ಲಿ ಕಡಿಮೆ; ಹೂವಿನ ಸೂಕ್ಷ್ಮ ಪರಿಮಳವುಳ್ಳ ಬಿಳಿ ವೈನಿಗೆ ಎರಡನೆಯದನ್ನೇ ಆರಿಸುವುದು ಈ ದೃಷ್ಟಿಯಿಂದ ಸರಿ.

ಆದರೆ ಮರದ ಜಾತಿಗಿಂತಲೂ ವೈನು ಅದರೊಳಗೆ ಯಾವಾಗ ಇಳಿಯುತ್ತದೆ ಎಂಬುದೇ ನಿರ್ಣಾಯಕ. ಉಕ್ಕಿನ ಟ್ಯಾಂಕಿನಲ್ಲಿ ಹುದುಗಿದ ವೈನನ್ನು ಆಮೇಲೆ ಹೊಸ ಪೀಪಾಯಿಗೆ ಸುರಿದರೆ ವೆನಿಲಿನ್ ನೇರವಾಗಿ ಅದರಲ್ಲಿ ಸೇರಿಕೊಳ್ಳುತ್ತದೆ. ದ್ರಾಕ್ಷಿರಸವನ್ನೇ ಪೀಪಾಯಿಯಲ್ಲಿ ಹುದುಗಿಸಿದರೆ ಜೀವಂತ ಯೀಸ್ಟ್ ಆ ವೆನಿಲಿನ್‌ನ ಒಂದು ಭಾಗವನ್ನು ಬಹುಮಟ್ಟಿಗೆ ವಾಸನೆಯಿಲ್ಲದ ಬೇರೊಂದು ರೂಪಕ್ಕೆ ತಿರುಗಿಸುತ್ತದೆ, ಸತ್ತು ತಳಕ್ಕಿಳಿದ ಯೀಸ್ಟಿನ ಗಸಿ ಇನ್ನಷ್ಟನ್ನು ಹೀರುತ್ತದೆ, ಆ ಗಸಿಯನ್ನು ಆಗಾಗ ಕಲಕುವುದರಿಂದ ವೈನಿಗೆ ಮೈಕಟ್ಟೂ ಬರುತ್ತದೆ. ಮರದಲ್ಲೇ ಹುಟ್ಟಿದ ವೈನು ಮರದ ವಾಸನೆಯನ್ನು ಕಡಿಮೆ ಬೀರುತ್ತದೆ ಎಂಬ ಈ ವಿಚಿತ್ರವನ್ನು ಬರ್ಗಂಡಿಯ ಶಾರ್ಡೊನೆ ತಯಾರಕರು ತಲೆಮಾರುಗಳಿಂದ ಬಲ್ಲರು.

ಕರ್ನಾಟಕದ ಸಂದರ್ಭದಲ್ಲಿ ಈ ಪದ್ಧತಿಗೆ ಒಂದು ತೊಡಕೂ ಇದೆ: ಇಲ್ಲಿನ ಬಿಸಿ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ವರ್ಷಕ್ಕೆ ಸುಮಾರು 10ರಿಂದ 12 ಪ್ರತಿಶತ ವಿಸ್ಕಿ ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು 2 ಪ್ರತಿಶತದ ಆಸುಪಾಸು. ಬಿಸಿಗೆ ಮರದ ಅಂಶ ಬೇಗ ಇಳಿಯುವುದು ವಿಸ್ಕಿಗೆ ವರವಾಯಿತು, ಅದರ ಪರಿಮಳದ ಬಹುಪಾಲು ಮರದ್ದೇ ತಾನೆ. ಬಿಳಿ ವೈನಿಗೆ ಅದೇ ಬಿಸಿಯೂ ಪೀಪಾಯಿಯೊಳಕ್ಕೆ ಸೇರುವ ಗಾಳಿಯೂ ಶತ್ರುವಾಗಬಲ್ಲವು. ಸಾವಿಗ್ನಾನ್ ಬ್ಲಾಂಕ್ ತಳಿಯ ಪರಿಮಳಕ್ಕೆ ಕಾರಣವಾದ ಗಂಧಕಯುಕ್ತ ಥಯಾಲ್‌ಗಳು ಆಮ್ಲಜನಕ ತಗುಲಿದರೆ ಕುಗ್ಗುತ್ತವಾದ್ದರಿಂದ, ಅದನ್ನು ಸಾಮಾನ್ಯವಾಗಿ ತಂಪಾದ ಉಕ್ಕಿನ ಟ್ಯಾಂಕಿನಲ್ಲೇ ಇಡುತ್ತಾರೆ. ವಿಯೋನಿಯೆಗೂ ಹೊಸ ಪೀಪಾಯಿಗಿಂತ ಎರಡು ಮೂರು ಸಲ ಬಳಸಿದ ಪೀಪಾಯಿ ಲೇಸು: ಅದು ವಾಸನೆಯನ್ನು ಅಷ್ಟಾಗಿ ಬಿಡುವುದಿಲ್ಲ, ಗಾಳಿಯ ಹದವಾದ ಸೋಂಕನ್ನು ಮಾತ್ರ ಒದಗಿಸುತ್ತದೆ. ಆದರೆ ವೆನಿಲ್ಲಾ ಘಮವನ್ನೇ ಹೆಚ್ಚು ಬೆಲೆಯ ಗುರುತೆಂದು ನಂಬಿದ ಗ್ರಾಹಕ ಇದನ್ನು ಮೆಚ್ಚುವನೆಂಬ ಭರವಸೆ ಇಲ್ಲ, ಲೇಬಲ್ಲಿನ ಮೇಲಿನ 'ರಿಸರ್ವ್' ಎಂಬ ಪದದಿಂದಲೂ ಅವನಿಗೆ ಪೀಪಾಯಿ ಹೊಸದೋ ಹಳೆಯದೋ ತಿಳಿಯುವುದಿಲ್ಲ.

ವೆನಿಲ್ಲಾ ಘಮದ ಮೇಲಿನ ಈ ಒಲವಿನ ಬೆಲೆ ತಿಳಿಯುವುದು ಅಂಗಡಿಯ ಕಪಾಟಿನಲ್ಲಿ. ಬೇಸಗೆಯಲ್ಲಿ ತಂಪಿಲ್ಲದೆ ನಿಂತ ಬಾಟಲಿಯೊಳಗೆ ಹಣ್ಣಿನ ಪರಿಮಳ ನೀಡುವ ಎಸ್ಟರ್‌ಗಳು ಬೇಗ ಒಡೆದು ಕ್ಷೀಣಿಸುತ್ತವೆ, ಲ್ಯಾಕ್ಟೋನ್ ಮತ್ತು ವೆನಿಲಿನ್ ಅವುಗಳಿಗಿಂತ ಬಹಳ ಕಾಲ ಉಳಿಯುತ್ತವೆ; ತಯಾರಾದ ದಿನ ಸಮತೋಲವಾಗಿದ್ದ ವೈನು ಕೊಂಡವನ ಲೋಟಕ್ಕೆ ಬೀಳುವ ಹೊತ್ತಿಗೆ ಮರದ ಕಡೆಗೇ ವಾಲಿರುತ್ತದೆ.