ಯೆರಿಕೋ ದಾರಿಯಲ್ಲೊಂದು ಪ್ರಯೋಗ: ಡಾರ್ಲಿ–ಬ್ಯಾಟ್ಸನ್ ಅಧ್ಯಯನದ ವಿಮರ್ಶೆ

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಕುರಿತ ಪ್ರಸಂಗಗಳಲ್ಲಿ ಮನಶ್ಶಾಸ್ತ್ರದ ಒಂದು ಪ್ರಯೋಗ ಆಗಾಗ ಉದಾಹರಣೆಯಾಗಿ ಬರುತ್ತದೆ. ಸಾಮ್ಯದ ಮೇಲೆ ಉಪನ್ಯಾಸ ಕೊಡಲು ಹೊರಟ ಸೆಮಿನರಿ ವಿದ್ಯಾರ್ಥಿಗಳು ದಾರಿಯಲ್ಲಿ ನರಳುತ್ತಿದ್ದವನನ್ನು ದಾಟಿಕೊಂಡು ಹೋದರೆಂಬ ಕಥೆ ಅದು. ಸಭೆಯವರು ನಗುತ್ತಾರೆ, ಸಭಾಪಾಲಕನು ತಲೆ ತಗ್ಗಿಸುತ್ತಾನೆ. ವೇದಜ್ಞಾನವಿದ್ದರೂ ಕನಿಕರ ಹುಟ್ಟುವುದಿಲ್ಲವೆಂಬ ತೀರ್ಮಾನದೊಡನೆ ಪ್ರಸಂಗ ಮುಂದುವರಿಯುತ್ತದೆ. ಆದರೆ ಆ ಅಧ್ಯಯನವು ಸ್ಥಾಪಿಸಿದ್ದೇನು, ಅದನ್ನು ಸ್ಥಾಪಿಸಿದ ವಿಧಾನವು ಕ್ರೈಸ್ತ ನೀತಿಶಾಸ್ತ್ರದ ಮುಂದೆ ನಿಲ್ಲುವುದೇ ಎಂಬ ಎರಡು ಪ್ರಶ್ನೆಗಳನ್ನು ನಾವು ಅಪರೂಪವಾಗಿ ಕೇಳುತ್ತೇವೆ.

ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಈ ಅಧ್ಯಯನವನ್ನು 1973ರಲ್ಲಿ ಪ್ರಕಟಿಸಿದರು. ಬ್ಯಾಟ್ಸನ್ ಸ್ವತಃ ದೈವಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಪ್ರಯೋಗಕ್ಕೆ ಒಳಗಾದವರು ಪ್ರಿನ್ಸ್‌ಟನ್ ಥಿಯಲಾಜಿಕಲ್ ಸೆಮಿನರಿಯ 40 ಮಂದಿ ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಕಿರು ಉಪನ್ಯಾಸ ಕೊಡಬೇಕೆಂದು ಅವರಿಗೆ ತಿಳಿಸಲಾಯಿತು. ಕೆಲವರಿಗೆ ಸಮಾರ್ಯದವನ ಸಾಮ್ಯವೇ ವಿಷಯ. ಉಳಿದವರಿಗೆ ಸೆಮಿನರಿ ಪದವೀಧರರ ಉದ್ಯೋಗಾವಕಾಶಗಳು. ಒಂದು ಗುಂಪಿಗೆ ತಡವಾಯಿತೆಂದೂ, ಮತ್ತೊಂದಕ್ಕೆ ಸರಿಯಾದ ಸಮಯವೆಂದೂ, ಮೂರನೆಯದಕ್ಕೆ ಇನ್ನೂ ಸಾವಕಾಶವಿದೆಯೆಂದೂ ಹೇಳಲಾಯಿತು. ದಾರಿಯ ಓಣಿಯಲ್ಲಿ ಒಬ್ಬನು ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದನು. ಅವನು ಸಂಶೋಧಕರು ನೇಮಿಸಿದ ನಟ.

ಫಲಿತಾಂಶ ಹೀಗಿತ್ತು: ಸಾವಕಾಶವಿದ್ದ 8 ಮಂದಿಯಲ್ಲಿ 5, ಮಧ್ಯಮ ಅವಸರದ 22ರಲ್ಲಿ 10, ತೀವ್ರ ಅವಸರದ 10ರಲ್ಲಿ ಒಬ್ಬನೇ ಒಬ್ಬನು ಯಾವುದಾದರೊಂದು ರೀತಿಯಲ್ಲಿ ಸಹಾಯಕ್ಕೆ ಮುಂದಾದನು. ಉಪನ್ಯಾಸದ ವಿಷಯದಿಂದ ಗಣನೀಯ ವ್ಯತ್ಯಾಸ ಉಂಟಾಗಲಿಲ್ಲವೆಂದು ಲೇಖಕರು ತೀರ್ಮಾನಿಸಿದರು. ಪ್ರಸಂಗಗಳಲ್ಲಿ ನಾವು ಕೇಳುವುದು ಈ ಕೊನೆಯ ವಾಕ್ಯದ ಹಿಗ್ಗಿಸಿದ ರೂಪ.

ಮೊದಲನೆಯದಾಗಿ ಈ ತೀರ್ಮಾನವನ್ನೇ ಪರಿಶೀಲಿಸೋಣ. 1975ರಲ್ಲಿ ಆ್ಯಂಟನಿ ಗ್ರೀನ್‌ವಾಲ್ಡ್ ಅದೇ ಅಂಕಿಗಳನ್ನು ಮತ್ತೆ ಲೆಕ್ಕಹಾಕಿದರು. ಸಾಮ್ಯವನ್ನು ಕುರಿತು ಮಾತಾಡಲಿದ್ದವರಲ್ಲಿ ಶೇಕಡಾ 53ರಷ್ಟು ಮಂದಿ ನೆರವಾಗಿದ್ದರು. ಉದ್ಯೋಗವನ್ನು ಕುರಿತು ಮಾತಾಡಲಿದ್ದವರಲ್ಲಿ ಶೇಕಡಾ 29. ನಾಲ್ವತ್ತೇ ಮಂದಿಯ ಅಧ್ಯಯನದಲ್ಲಿ ಈ ಅಂತರವು ಸಂಖ್ಯಾಶಾಸ್ತ್ರದ ವಾಡಿಕೆಯ ಮಟ್ಟವನ್ನು ಮುಟ್ಟಲಿಲ್ಲ, ನಿಜ. ಆದರೆ ಪರಿಣಾಮವನ್ನು ಸಾಬೀತುಮಾಡಲು ಆಗಲಿಲ್ಲವೆಂಬುದು ಒಂದು ಮಾತು, ಪರಿಣಾಮವೇ ಇಲ್ಲವೆಂಬುದು ಬೇರೆ ಮಾತು. ಈ ಅಂಕಿಗಳು ಎರಡನೆಯ ಮಾತಿಗೆ ಆಧಾರವಾಗವು. ವಾಕ್ಯಧ್ಯಾನವು ನಿಷ್ಫಲವೆಂದು ವಿಜ್ಞಾನ ತೋರಿಸಿದೆಯೆಂದು ಪ್ರಸಂಗಪೀಠದಿಂದ ಹೇಳುವವರು, ಆ ವಿಜ್ಞಾನವೇ ಹೇಳದ ಸಾಕ್ಷಿಯನ್ನು ಅದರ ಬಾಯಿಂದ ಹೇಳಿಸುತ್ತಿದ್ದಾರೆ. ವಿದ್ಯಾರ್ಥಿಗಳು ಬಿದ್ದವನನ್ನು ದಾಟಿ ನಡೆದದ್ದನ್ನು ಲೇಖಕರೇ ದಾಖಲಿಸಿದ್ದಾರೆ. ಆದರೆ ಕೆಲವರ ನಡತೆಯನ್ನು ಇಡೀ ಸೆಮಿನರಿಯ ಚಿತ್ರವಾಗಿ ತೋರಿಸುವುದು ಸುಳ್ಳುಸಾಕ್ಷಿಗೆ ಹತ್ತಿರವಾದದ್ದು.

ಎರಡನೆಯದು ಗುಣಸ್ವಭಾವದ ಪ್ರಶ್ನೆ. ಸನ್ನಿವೇಶದಲ್ಲಿನ ಸಣ್ಣ ಬದಲಾವಣೆಯೇ ನಡತೆಯನ್ನು ಇಷ್ಟು ತಿರುಗಿಸುವುದಾದರೆ, ಸ್ಥಿರವಾದ ಸದ್ಗುಣವೆಂಬುದು ಇದೆಯೇ? ಗಿಲ್ಬರ್ಟ್ ಹಾರ್ಮನ್ 1999ರಲ್ಲಿ, ಜಾನ್ ಡೋರಿಸ್ 2002ರಲ್ಲಿ ಇಂಥ ಪ್ರಯೋಗಗಳನ್ನು ಆಧರಿಸಿಯೇ ಅರಿಸ್ಟಾಟಲನ ಸದ್ಗುಣನೀತಿಯನ್ನು ಪ್ರಶ್ನಿಸಿದರು. ಆತ್ಮನ ಫಲವನ್ನೂ ಶಿಷ್ಯತ್ವದ ಸಾಧನೆಯನ್ನೂ ಬೋಧಿಸುವ ನಮಗೆ ಇದು ದೂರದ ವಾದವಲ್ಲ. ಸದ್ಗುಣವು ಅಪರೂಪವೆಂದು ಅರಿಸ್ಟಾಟಲನೇ ಒಪ್ಪಿದ್ದನೆಂಬುದು ತತ್ತ್ವಜ್ಞಾನಿಗಳು ಕೊಡುವ ಒಂದು ಉತ್ತರ. ಒಳ್ಳೆಯದನ್ನು ಬಯಸಿಯೂ ಮಾಡಲಾರದ ಮನುಷ್ಯನನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಕಂಡವರಿಗೆ ಈ ಅಂಕಿಗಳು ಆಘಾತವನ್ನೂ ಉಂಟುಮಾಡಬೇಕಾಗಿಲ್ಲ.

ಆದರೆ ಇಷ್ಟಕ್ಕೇ ನಿಂತರೆ ಅಧ್ಯಯನದ ಅತ್ಯಂತ ಬೆಲೆಯುಳ್ಳ ಭಾಗವನ್ನು ಕೈಬಿಟ್ಟಂತಾಗುತ್ತದೆ. ಅವಸರದಲ್ಲಿದ್ದವರು ಕಲ್ಲೆದೆಯವರೆಂದು ಲೇಖಕರು ಹೇಳಲಿಲ್ಲ. ಕೆಲವರಿಗೆ ಆ ದೃಶ್ಯವು ನೈತಿಕ ನಿರ್ಧಾರವನ್ನು ಕೇಳುವ ಸಂದರ್ಭವಾಗಿ ಕಾಣಲೇ ಇಲ್ಲ. ಇನ್ನು ಕೆಲವರು ತಮಗಾಗಿ ಕಾದಿರುವವನಿಗೂ ಬಿದ್ದವನಿಗೂ ನಡುವೆ ಸಿಕ್ಕಿಕೊಂಡರು, ತಳಮಳದಿಂದಲೇ ಮುಂದಿನ ಕಟ್ಟಡವನ್ನು ತಲುಪಿದರು. ಇದನ್ನು ಲೂಕ 10:31–33ರೊಡನೆ ಇಟ್ಟು ಓದಬೇಕು. ಯಾಜಕನೂ ನೋಡಿದನು, ಲೇವಿಯನೂ ನೋಡಿದನು, ಸಮಾರ್ಯದವನೂ ನೋಡಿದನು. ಮೂವರಿಗೂ ಅದೇ ಕ್ರಿಯಾಪದ. ಕನಿಕರವು ಮೂರನೆಯವನ ನೋಟಕ್ಕೆ ಮಾತ್ರ ಸೇರಿತು. ಹಾಗಾದರೆ ಸದ್ಗುಣವೆಂಬುದು ಎಲ್ಲ ಸನ್ನಿವೇಶಗಳಲ್ಲಿ ತಾನಾಗಿ ನಡೆಯುವ ಯಂತ್ರವಲ್ಲ, ಎದುರಿಗಿರುವವನನ್ನು ಸರಿಯಾಗಿ ಕಾಣುವ ಅಭ್ಯಾಸವೂ ಹೌದು. ಅವಸರವು ಮೊದಲು ಕೆಡಿಸುವುದು ಈ ಕಾಣ್ಕೆಯನ್ನೇ. ಗುಣಸ್ವಭಾವವೇ ಇಲ್ಲವೆಂಬ ಹಾರ್ಮನ್ನರ ನಿರ್ಣಯಕ್ಕಿಂತ ಈ ಓದು ಅಂಕಿಗಳಿಗೂ ಗ್ರಂಥಕ್ಕೂ ಹೆಚ್ಚು ನಿಷ್ಠವಾಗಿದೆ.

ಮೂರನೆಯದು, ಮತ್ತು ಅತಿ ಕಠಿಣವಾದದ್ದು, ವಿಧಾನದ ಪ್ರಶ್ನೆ. ಈ ಪ್ರಯೋಗವು ನಿಂತಿರುವುದು ಸುಳ್ಳಿನ ಮೇಲೆ: ತಡವಾಯಿತೆಂಬುದು ಸುಳ್ಳು, ನರಳಾಟವೂ ಸುಳ್ಳು. ಆ ಕಾಲದಲ್ಲಿ ಇದು ವಿಶೇಷವೇನಲ್ಲ. ಸ್ಟ್ಯಾನ್ಲಿ ಮಿಲ್ಗ್ರಾಮ್ 1963ರಲ್ಲಿ ಪ್ರಕಟಿಸಿದ ವಿಧೇಯತೆಯ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಮಂದಿ, ಇನ್ನೊಬ್ಬನಿಗೆ 450 ವೋಲ್ಟಿನ ಆಘಾತ ಕೊಡುತ್ತಿದ್ದೇವೆಂದು ನಂಬಿಯೇ ಕೊನೆಯ ಗುಂಡಿಯನ್ನು ಒತ್ತಿದರು. ಮರುವರ್ಷವೇ ಡಯಾನಾ ಬಾಮ್ರಿಂಡ್ ಅದನ್ನು ಆಕ್ಷೇಪಿಸಿ, ಸಂಶೋಧಕನ ಮೇಲೆ ವಿಶ್ವಾಸವಿಟ್ಟು ಬಂದವನ ಘನತೆಗೆ ಆದ ಹಾನಿಯನ್ನು ಎತ್ತಿ ತೋರಿಸಿದರು. ಅಮೆರಿಕದ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ಸೂತ್ರಗಳನ್ನು ಮುಂದಿಟ್ಟದ್ದು 1979ರಲ್ಲಿ. ಡಾರ್ಲಿ ಮತ್ತು ಬ್ಯಾಟ್ಸನ್‌ರ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ: ಅವರು ಕೊನೆಗೆ ಎಲ್ಲವನ್ನೂ ವಿದ್ಯಾರ್ಥಿಗಳಿಗೆ ವಿವರಿಸಿದರು; ಯಾರೂ ಅಸಮಾಧಾನ ತೋರಲಿಲ್ಲವೆಂದು ವರದಿ ಮಾಡಿದ್ದಾರೆ.

ಸತ್ಯವನ್ನು ಹೊರಗೆಡವಲು ಸುಳ್ಳನ್ನು ಬಳಸಬಹುದೇ ಎಂಬ ಪ್ರಶ್ನೆ ಸಭೆಗೆ ಹೊಸದಲ್ಲ. ತಮ್ಮ ಮತವನ್ನು ಮರೆಮಾಚುತ್ತಿದ್ದ ಪ್ರಿಸಿಲಿಯನ್ ಪಂಥದವರನ್ನು ಹಿಡಿಯಲು, ತಾವೂ ಅವರಂತೆಯೇ ನಟಿಸಬಹುದೇ ಎಂದು ಕೊನ್ಸೆಂಟಿಯಸ್ ಎಂಬಾತನು ಅಗಸ್ಟೀನನನ್ನು ಕೇಳಿದನು. ಸುಮಾರು 420ರಲ್ಲಿ ಬರೆದ ‘ಸುಳ್ಳಿಗೆ ವಿರೋಧವಾಗಿ’ ಎಂಬ ಗ್ರಂಥದಲ್ಲಿ ಅಗಸ್ಟೀನನು ಅದನ್ನು ನಿರಾಕರಿಸಿದನು. ಸತ್ಯದ ಸೇವೆಗಾಗಿ ಸುಳ್ಳಾಡುವವನು ತನ್ನ ಸಾಕ್ಷಿಯ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆಂಬುದು ಅವನ ವಾದದ ಸಾರ. ಒಳ್ಳೆಯದು ಬರಲೆಂದು ಕೆಟ್ಟದ್ದನ್ನು ಮಾಡಬಾರದೆಂಬ ರೋಮಾ 3:8ರ ನಿಲುವೂ ಇದೇ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪ್ರವಾದಿಯಾದ ನಾತಾನನು ಬಡವನ ಕುರಿಮರಿಯ ಕಥೆಯನ್ನು ನಿಜವಾದ ಮೊಕದ್ದಮೆಯೆಂಬಂತೆ ದಾವೀದನ ಮುಂದಿಡಲಿಲ್ಲವೇ? ಪ್ರಯೋಗದ ಕೊನೆಯ ವಿವರಣೆಯು ಆ ಮನುಷ್ಯನು ನೀನೇ ಎಂಬ ಪ್ರವಾದಿಯ ಬೆರಳಿನಂತೆಯೇ ಅಲ್ಲವೇ? ಹೋಲಿಕೆ ಇದೆ, ಭೇದವೂ ಇದೆ. ನಾತಾನನು ಬಂದದ್ದು ದಾವೀದನ ಪಶ್ಚಾತ್ತಾಪಕ್ಕಾಗಿ. ಅಂಥ ಇಬ್ಬರು ಮೂವರು ಅರಸರನ್ನು ಸೇರಿಸಿ ಶೇಕಡಾವಾರು ಲೆಕ್ಕ ತೆಗೆಯಲು ಬರಲಿಲ್ಲ. ಪ್ರಯೋಗದಲ್ಲಿ ವಿದ್ಯಾರ್ಥಿಯು ಇತರರ ಜ್ಞಾನಕ್ಕೆ ಸಾಧನವಾದನು.

ಅದಕ್ಕಿಂತಲೂ ಗಂಭೀರವಾದ ಹಾನಿ ಒಂದಿದೆ. ಅದು ವಿದ್ಯಾರ್ಥಿಯ ಒಪ್ಪಿಗೆಯಿಂದ ಪರಿಹಾರವಾಗುವಂಥದ್ದಲ್ಲ. ಓಣಿಯಲ್ಲಿ ಬಿದ್ದವನು ನಟನೆಂದು ತಿಳಿದವನು ಮುಂದೆ ನಿಜವಾಗಿ ಬಿದ್ದವನನ್ನು ಕಂಡಾಗ, ಇದೂ ಪರೀಕ್ಷೆಯಿರಬಹುದೇ ಎಂದು ಒಂದು ಕ್ಷಣ ತಡೆಯಬಹುದು. ಆ ಕ್ಷಣದ ಬೆಲೆಯನ್ನು ತೆರುವವನು ಸಂಶೋಧಕನೂ ಅಲ್ಲ, ವಿದ್ಯಾರ್ಥಿಯೂ ಅಲ್ಲ, ದಾರಿಯಲ್ಲಿ ಬಿದ್ದಿರುವ ಮೂರನೆಯವನು. ಅವನನ್ನು ಯಾರೂ ಕೇಳಿರಲಿಲ್ಲ. ಅವನೇ ಸಾಮ್ಯದ ನೆರೆಯವನು. ಸಂಶೋಧನೆಯ ನೀತಿಯು ಪ್ರಯೋಗಕ್ಕೆ ಬಂದವನ ಹಕ್ಕಿನ ಬಳಿಯೇ ನಿಂತುಬಿಟ್ಟರೆ ಇವನು ಲೆಕ್ಕದಿಂದ ಜಾರಿಹೋಗುತ್ತಾನೆ. ಅವನನ್ನು ಲೆಕ್ಕಕ್ಕೆ ತರುವುದು ಈ ಚರ್ಚೆಗೆ ದೈವಶಾಸ್ತ್ರವು ಸಲ್ಲಿಸಬಹುದಾದ ಕಾಣಿಕೆ.

ಆದುದರಿಂದ ಈ ಅಧ್ಯಯನದ ಬಗ್ಗೆ ನಮ್ಮ ತೀರ್ಪು ಮಿಶ್ರವಾದದ್ದು. ವಾಕ್ಯವು ನಿಷ್ಫಲವೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಕರೆಯಬಾರದು. ಇದರ ವಿಧಾನವನ್ನು ನಮ್ಮ ಸಂಶೋಧನೆಗೆ ಮಾದರಿಯಾಗಿ ಇಟ್ಟುಕೊಳ್ಳಬಾರದು. ಸಭೆಯ ಜನರನ್ನು ಅಧ್ಯಯನ ಮಾಡುವ ಸೆಮಿನರಿ ವಿದ್ಯಾರ್ಥಿಯು, ತಾನು ಸಭಾಪಾಲಕನಾಗಿ ಕೇಳುತ್ತಿದ್ದೇನೋ ಸಂಶೋಧಕನಾಗಿ ಕೇಳುತ್ತಿದ್ದೇನೋ ಎಂಬುದನ್ನು ಅವರಿಗೆ ಮೊದಲೇ ತಿಳಿಸಲಿ. ಆದರೆ ವಿಧಾನದ ದೋಷವನ್ನು ನೆಪಮಾಡಿಕೊಂಡು ಅವಸರವನ್ನು ಕುರಿತ ಎಚ್ಚರಿಕೆಯಿಂದ ತಪ್ಪಿಸಿಕೊಳ್ಳಲೂ ಬಾರದು. ಹತ್ತು ಮಂದಿಯ ಅಂಕಿ ಚಿಕ್ಕದೇ ಇರಬಹುದು. ಭಾನುವಾರ ಎರಡು ಆರಾಧನೆಗಳ ನಡುವೆ ಬಾಗಿಲಲ್ಲಿ ಕಾದು ನಿಂತ ವಿಧವೆಯನ್ನು ಆಮೇಲೆ ಬನ್ನಿರೆಂದು ಕಳುಹಿಸುವ ಸೇವಕನಿಗೆ ಅದು ಅಪರಿಚಿತವಾಗಿ ಕಾಣದು. ದಿನದ ಕೆಲಸಗಳ ಪಟ್ಟಿಯನ್ನು ಬರೆಯುವುದೂ ನೈತಿಕ ಕ್ರಿಯೆಯೇ, ಅದರಲ್ಲಿ ಬಿಡುವನ್ನು ಉಳಿಸಿಕೊಳ್ಳುವುದೂ ನೆರೆಯವನಿಗೆ ಸಲ್ಲಬೇಕಾದ ಋಣವೇ ಎಂದು ಸೆಮಿನರಿಯಲ್ಲಿ ಕಲಿಸುವವರು ಹೇಳಿಕೊಡಬೇಕು, ಪಾಠಪಟ್ಟಿಯನ್ನು ತಾವೇ ಹಾಗೆ ರಚಿಸಿ ತೋರಿಸಬೇಕು.